ನಾನು ಹತ್ತದೆ ಬಿಟ್ಟ ದಿಣ್ಣೆ

ನಿದ್ದೆ ಹತ್ತಿದ ಮೇಲೆ ಗಂಟಲು ಮುಚ್ಚಿಕೊಂಡು ಉಸಿರು ನಿಂತುಹೋಗುವ ಕಾಯಿಲೆ ನನಗಿದೆ. ಡಾಕ್ಟರು ಅದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿ, ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ಒಂದು ಮಿಷನ್ ತಂದೆವು. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ಮಿಷನ್ ಗಾಳಿಯನ್ನು ಒತ್ತಿ ಒಳಕ್ಕೆ ಕಳಿಸುತ್ತದೆ, ಗಂಟಲು ಮುಚ್ಚಿಕೊಳ್ಳುವುದಿಲ್ಲ. ಅದರ ಕೆಲಸ ಅಷ್ಟೇ.

ಅದು ಬರುವ ಮೊದಲು ನಾನು ಹಗಲೆಲ್ಲ ತೂಕಡಿಸುತ್ತಿದ್ದೆ. ನನ್ನದು ಸರ್ವೆಯರ್ ಕೆಲಸ. ಮನೆ ಚಾಮರಾಜನಗರದಲ್ಲಿ, ಜಮೀನು ಅಳೆಯುವುದು ಗುಂಡ್ಲುಪೇಟೆಯ ಸುತ್ತಮುತ್ತ. ಬೆಳಗಿನ ಬಸ್ಸು ಊರು ದಾಟುವ ಮೊದಲೇ ನನಗೆ ನಿದ್ದೆ. ತೆರಕಣಾಂಬಿ ಬಂದದ್ದು, ಹೋದದ್ದು ಗೊತ್ತಾಗುತ್ತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಬಸ್ಸು ಖಾಲಿಯಾದ ಮೇಲೆ ಕಂಡಕ್ಟರು ಭುಜ ಅಲುಗಿಸಿ ಎಬ್ಬಿಸುತ್ತಿದ್ದರು. ಒಂದು ಸಲ ಕಚೇರಿಯಲ್ಲಿ ನಕ್ಷೆ ಬರೆಯುತ್ತಾ ನಿದ್ದೆ ಹೋಗಿ, ಪೆನ್ಸಿಲ್ ಗೆರೆ ಒಬ್ಬರ ಜಮೀನು ದಾಟಿ ಪಕ್ಕದ ಕೆರೆಯೊಳಕ್ಕೆ ಇಳಿದಿತ್ತು. ಕಚೇರಿಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅವತ್ತೇ ಪರೀಕ್ಷೆಗೆ ಹೋಗಬೇಕೆಂದು ತೀರ್ಮಾನಿಸಿದೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ನನಗೆ ಇದ್ದ ಹೆಮ್ಮೆ ಒಂದೇ. ನಾನೇ ಹೋಗಿ ನೋಡದ ಗಡಿಕಲ್ಲನ್ನು ನಾನು ನಕ್ಷೆಯಲ್ಲಿ ಬರೆದವನಲ್ಲ.

ಮಿಷನ್ ಬಂದ ಮೇಲೆ ಮೂರು ವರ್ಷ ಚೆನ್ನಾಗಿದ್ದೆ. ತಲೆನೋವು ಹೋಯಿತು. ಬಸ್ಸಿನ ಕಿಟಕಿಯಲ್ಲಿ ಅರಿಸಿನದ ಹೊಲ, ಚೆಂಡು ಹೂವಿನ ಹೊಲ ನೋಡುತ್ತಾ ಎಚ್ಚರವಾಗಿ ಹೋಗುತ್ತಿದ್ದೆ. ನಾಲ್ಕನೆಯ ವರ್ಷ ಹಗಲು ಹೊತ್ತಿನಲ್ಲಿ ಉಸಿರು ಸಾಲದಾಯಿತು.

ಮೊದಲು ಗೊತ್ತಾದದ್ದು ಶೂ ಲೇಸ್ ಕಟ್ಟುವಾಗ. ಬಗ್ಗಿ ಎದ್ದರೆ ಎದೆ ಬಿಗಿಯಾಗಿ, ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಮನೆಯಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಮಧ್ಯದಲ್ಲಿ ಒಬ್ಬ ದರ್ಜಿಯ ಅಂಗಡಿ. ಅಲ್ಲಿ ನಿಂತು ಗಾಜಿನೊಳಗಿನ ಬಟ್ಟೆ ನೋಡುವವನಂತೆ ನಟಿಸಿ ಸುಧಾರಿಸಿಕೊಳ್ಳುತ್ತಿದ್ದೆ. ಒಂದು ವಾರ ಹೀಗೇ ಆದ ಮೇಲೆ ದರ್ಜಿ ಹೊರಗೆ ಬಂದು, "ಸಾರ್, ಪ್ಯಾಂಟು ಹೊಲುಸ್ಬೇಕಾ?" ಎಂದು ಕೇಳಿದ. ಹೌದೆಂದು ಅಳತೆ ಕೊಟ್ಟೆ. ಉಸಿರಿಲ್ಲದೆ ನಿಂತಿದ್ದೇನೆ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಜೊತೆಗೆ ಒಂದು ಒಣ ಕೆಮ್ಮು, ಕಫವಿಲ್ಲದ್ದು.

ಹೆಂಡತಿಗೆ ಅನುಮಾನ ಬಂದದ್ದು ಮಿಷನ್ ಮೇಲೆ. ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಅಂದಳು:

"ಆ ಪೈಪಿನ ಗಾಳಿಗ ನಿಮ್ಮ ಎದ ಒಗ್ಗೋಗದ ಕನ್ರೀ. ಅದು ರಭಸವಾಗಿ ನುಗ್ತದ. ಈಗ ಬರೀ ಗಾಳಿ ನಿಮ್ಗ ಸಾಕಾಯ್ತಿಲ್ಲ."

"ಹಂಗೆಲ್ಲ ಆಗಲ್ಲ ಕಣೆ."

"ಮತ್ತ ಮೊದ್ಲು ಇಲ್ದಿದ್ದು ಈಗ ಯಾಕ ಬಂತು?"

ನನಗೂ ಒಳಗೊಳಗೆ ಅದೇ ಅನುಮಾನ. ಹತ್ತು ದಿನ ಮಿಷನ್ ಹಾಕಿಕೊಳ್ಳದೆ ಮಲಗಿ ನೋಡಿದೆ. ಹಳೆಯ ತಲೆನೋವು, ತೂಕಡಿಕೆ ವಾಪಸು ಬಂದವು. ಹಗಲಿನ ಉಸಿರಾಟ ಒಂದಿಷ್ಟೂ ಸುಧಾರಿಸಲಿಲ್ಲ. ಮತ್ತೆ ಹಾಕಿಕೊಂಡೆ.

ಮೂವರು ಡಾಕ್ಟರುಗಳನ್ನು ಕಂಡೆ. ಮೂವರೂ ಕುರ್ಚಿಯಲ್ಲಿ ಕೂರಿಸಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಆಕ್ಸಿಜನ್ ತೊಂಬತ್ತಾರು ಇದೆ, ಚೆನ್ನಾಗಿದೆ ಎಂದರು. ಸ್ಲೀಪ್ ಆಪ್ನಿಯಾ ಎಂದ ಕೂಡಲೇ ಮೂವರ ಕಣ್ಣೂ ನನ್ನ ಹೊಟ್ಟೆಯ ಮೇಲೆ ಹೋಗುತ್ತಿತ್ತು. ತೂಕ ಇಳಿಸಿ, ಮಿಷನ್ ಬಿಡಬೇಡಿ ಎಂದರು. ಅವರಲ್ಲಿ ಮೈಸೂರಿನವರು ಮಿಷನ್ನಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನೋಡಿ, ನಿಮ್ಮಷ್ಟು ಶಿಸ್ತಾಗಿ ಬಳಸುವವರು ಕಡಿಮೆ ಎಂದು ಹೊಗಳಿದರು. ಪರೀಕ್ಷೆಯಲ್ಲಿ ಪಾಸಾದವನಂತೆ ಹೊರಗೆ ಬಂದೆ. ಮೆಟ್ಟಿಲು ಇಳಿದು ಆಟೋ ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಮನೆಯಲ್ಲಿ ಮುದ್ದೆ ಅರ್ಧವಾಯಿತು, ಅನ್ನ ನಿಂತಿತು. ತೂಕ ಇಳಿಯಿತು, ಉಸಿರು ಮಾತ್ರ ಇನ್ನೂ ಕಡಿಮೆಯಾಗುತ್ತಾ ಹೋಯಿತು.

ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಡೆ ಒಂದು ಅಳತೆ ಬಂದದ್ದು ಇದೇ ದಿನಗಳಲ್ಲಿ.

ಕಾಡಿನ ಅಂಚಿನ ಊರು. ಜಮೀನು ರಸ್ತೆಯ ಪಕ್ಕದಿಂದ ಶುರುವಾಗಿ ನಿಧಾನವಾಗಿ ಏರುತ್ತಾ ಒಂದು ದಿಣ್ಣೆಯ ನೆತ್ತಿಯವರೆಗೆ ಹೋಗುತ್ತಿತ್ತು. ಕೆಳಗಡೆ ಹುರುಳಿ, ಮೇಲೆ ಲಂಟಾನದ ಪೊದೆ. ಪಕ್ಕದ ಜಮೀನನ್ನು ಹೊಸದಾಗಿ ಕೊಂಡಿದ್ದ ಒಬ್ಬ ತರಕಾರಿ ವ್ಯಾಪಾರಿ ಹದ್ದು, ಅಂದರೆ ಗಡಿ, ಗುರುತು ಮಾಡಿಕೊಡಿ ಎಂದು ಅರ್ಜಿ ಹಾಕಿದ್ದ. ಹದ್ದಿನ ಈಚೆ ಬದಿಯ ಜಮೀನು ಒಬ್ಬ ವಿಧವೆಯದು. ಅರವತ್ತು ಸಮೀಪಿಸಿದ ಹೆಂಗಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕುಡುಗೋಲು. ನೋಟೀಸು ಕೊಟ್ಟಿದ್ದರಿಂದ ಬೆಳಿಗ್ಗೆಯಿಂದ ಬದುವಿನ ಮೇಲೆ ಕಾಯುತ್ತಿದ್ದಳು. ನನ್ನ ಜೊತೆ ಆ ಊರಿನ ಗ್ರಾಮ ಸಹಾಯಕ, ಪಕ್ಕದ ಹಳ್ಳಿಯವನು, ನನ್ನ ವಯಸ್ಸಿನವನೇ, ಒಂದು ಕಣ್ಣಿನ ಪೊರೆ ತೆಗೆಸಿದ್ದವನು.

ಕೆಳಗಿನ ಮೂರು ಗಡಿಕಲ್ಲುಗಳನ್ನು ನೋಡುವಷ್ಟರಲ್ಲಿ ಹನ್ನೊಂದು ಗಂಟೆ. ಮೂರನೆಯದರ ಹತ್ತಿರ ನಾನು ನೆಲದ ಮೇಲೆ ಕುಳಿತುಬಿಟ್ಟೆ. ಬಾಯಿ ತೆರೆದು ಎಳೆದರೂ ಗಾಳಿ ಎದೆಯ ಮೇಲ್ಭಾಗದಲ್ಲೇ ತಿರುಗಿ ಹೊರಗೆ ಬರುತ್ತಿತ್ತು. ತುಟಿ ಜೋಮು ಹಿಡಿದಿತ್ತು. ನಾಲ್ಕನೆಯ ಕಲ್ಲು ದಿಣ್ಣೆಯ ನೆತ್ತಿಯಲ್ಲಿತ್ತು. ಹೆಚ್ಚೆಂದರೆ ಇನ್ನೂರು ಹೆಜ್ಜೆ.

ಗ್ರಾಮ ಸಹಾಯಕ ನನ್ನ ಮುಖ ನೋಡಿ ಗಾಬರಿಯಾದ. "ಸಾ, ತಾವು ಇಲ್ಲೇ ಕುಂತ್ಕಳಿ. ನಾನೇ ಓಗಿ ಕೋಲು ನಿಲ್ಲುಸ್ತೀನಿ."

ವ್ಯಾಪಾರಿಯೂ ಒಳ್ಳೆಯ ಮಾತೇ ಆಡಿದ. "ಹೌದು ಸಾರ್, ಯಾಕ್ ತ್ರಾಸ ತಗೋತೀರಿ? ಕಲ್ಲು ನಾನು ತೋರುಸ್ತೀನಿ. ಜಮೀನು ಮಾರ್ದೋರು ನನ್ಗೆ ತೋರ್ಸವ್ರೆ."

ಇಬ್ಬರೂ ಹತ್ತಿ ಹೋದರು. ಆ ಹೆಂಗಸು ಮಾತ್ರ ನನ್ನ ಹತ್ತಿರ ಬಂದು ನಿಂತಳು. ಅಲ್ಲಿ ಮೇಲೆ ಪೊದೆಯ ಪಕ್ಕ ಅವರು ಕೋಲು ನಿಲ್ಲಿಸಿದ್ದನ್ನು ನೋಡಿ ಕೈ ಚಾಚಿದಳು.

"ಸಾಮೀ, ಅದಲ್ಲ ಕಲ್ಲು. ಕಲ್ಲು ಇನ್ನೂ ಆಚ್ಗ ಅದ, ಪೊದ ಒಳಗ. ಒಸಿ ಬನ್ನಿ, ನಾನೇ ತೋರುಸ್ತೀನಿ."

ನಾನು ಕೈಯಲ್ಲೇ ಇರು ಎಂದು ಸನ್ನೆ ಮಾಡಿದೆ. ಮಾತಾಡಲು ಉಸಿರಿರಲಿಲ್ಲ.

"ನಮ್ಮವ್ರು ಅಲ್ಲೇ ಅವ್ರ ಸಾಮೀ. ಆ ಕಲ್ಲಿಂದ ಒಸಿ ಈಚ್ಗ. ಬಂದು ನೋಡಿ."

ಅವಳ ಮನೆಯವರು ಯಾರೋ ಮೇಲೆ ನಿಂತಿದ್ದಾರೆ ಎಂದುಕೊಂಡೆ. ಸ್ವಲ್ಪ ಸುಧಾರಿಸಿಕೊಂಡು, "ಹಂಗಾದ್ರೆ ಅವರನ್ನೂ ಕೆಳಗೆ ಕರೀಯಮ್ಮ, ಮಹಜರಿಗೆ ಸಹಿ ಹಾಕಲಿ" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ತಿರುಗಿ ಬದುವಿನ ಕಡೆ ಹೋದಳು.

ಅಳತೆಯ ಯಂತ್ರದಲ್ಲಿ ಕೋಲಿನವರೆಗಿನ ದೂರ ಓದಿದೆ. ಹಳೆಯ ದಾಖಲೆಯಲ್ಲಿ ಇದ್ದುದಕ್ಕಿಂತ ಹನ್ನೆರಡು ಮೀಟರು ಕಡಿಮೆ ಬಂತು. ಹನ್ನೆರಡು ಮೀಟರು ಸಣ್ಣ ತಪ್ಪಲ್ಲ ಎನ್ನುವುದು ನನಗೆ ಗೊತ್ತಿತ್ತು. ಕಲ್ಲು ಬೇರೆಯದು ಎಂದೇ ಅದರ ಅರ್ಥ. ಬೇರೆ ದಿನವಾಗಿದ್ದರೆ ಪೊದೆ ಕಡಿಸಿ, ನಾನೇ ನುಗ್ಗಿ ನೋಡುತ್ತಿದ್ದೆ. ಇನ್ನೊಂದು ದಿನ ಬರುತ್ತೇನೆ ಎಂದು ಬರೆದು ಎದ್ದು ಬರಬಹುದಿತ್ತು. ಆದರೆ ಇನ್ನೊಂದು ದಿನವೂ ಈ ದಿಣ್ಣೆ ಇಷ್ಟೇ ಎತ್ತರ ಇರುತ್ತದೆ, ನನ್ನ ಎದೆ ಇನ್ನೂ ಕೆಟ್ಟಿರುತ್ತದೆ ಅನ್ನಿಸಿತು. ಹಿಂದಿನ ಕಾಲದ ಸರಪಳಿ ಅಳತೆ, ಏರಿನಲ್ಲಿ ವ್ಯತ್ಯಾಸ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕಲ್ಲು ಸ್ಥಳದಲ್ಲಿ ಕಂಡುಬಂದಿದೆ ಎಂದು ಬರೆದೆ. ಅವಳು ಸಹಿ ಹಾಕಲಿಲ್ಲ. ಸಹಿ ಮಾಡಲು ನಿರಾಕರಿಸಿದರು ಎಂದೂ ಬರೆದೆ. ಬಸ್ಸಿನಲ್ಲಿ ಕುಳಿತ ಮೇಲೆ ಉಸಿರು ಸರಾಗವಾಯಿತು. ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿದೆ. ಅವತ್ತು ನನಗೆ ನಾಚಿಕೆಯೂ ಆಗಲಿಲ್ಲ. ನೆಮ್ಮದಿಯೇ ಆಯಿತು.

ಒಂದು ತಿಂಗಳಿಗೆ ಕಚೇರಿಯ ಮೆಟ್ಟಿಲ ಮೇಲೆ ಬಿದ್ದೆ. ಈ ಸಲ ಮೈಸೂರಿನಲ್ಲಿ ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಂಗಸು. ಅವರು ನನ್ನನ್ನು ಕೂರಿಸಲಿಲ್ಲ. ಬೆರಳಿಗೆ ಕ್ಲಿಪ್ಪು ಹಾಕಿ, ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನಡೆಯಿರಿ ಎಂದರು. ತಾವೂ ಪಕ್ಕದಲ್ಲಿ ನಡೆದರು. ಮೊದಲನೆಯ ಸುತ್ತಿಗೆ ತೊಂಬತ್ತೊಂದು, ಎರಡನೆಯದಕ್ಕೆ ಎಂಬತ್ತಾರು. ಮೂರನೆಯ ಸುತ್ತು ಬೇಡ, ಸಾಕು ಎಂದು ತೋಳು ಹಿಡಿದುಕೊಂಡರು.

"ನಿಮ್ಮನ್ನ ಎಲ್ಲರೂ ಕೂತಿರುವಾಗಲೇ ನೋಡಿದ್ದಾರೆ. ನಡೆಯುವಾಗ ಯಾರೂ ನೋಡಿಲ್ಲ" ಎಂದರು.

ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪು ಒತ್ತಿ ಬಹಳ ಹೊತ್ತು ಕೇಳಿದರು. ಸ್ಕ್ಯಾನ್ ಮಾಡಿಸಿದರು. ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶದ ಕೆಳಗಿನ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳ ಬಲೆ. ಬಳ್ಳಿಯಲ್ಲೇ ಒಣಗಿದ ಹೀರೇಕಾಯಿಯ ಒಳಗನ್ನು ನೋಡಿದಂತಿತ್ತು.

"ಶ್ವಾಸಕೋಶ ನಾರಾಗ್ತಾ ಇದೆ. ಗಾಳಿ ಒಳಗೆ ಹೋದರೂ ರಕ್ತಕ್ಕೆ ಸೇರೋದಕ್ಕೆ ಆಗ್ತಿಲ್ಲ."

ಹೆಂಡತಿ ಮುಂದೆ ಬಾಗಿ ಕೇಳಿದಳು. "ಆ ಮಿಷನ್ನಿಂದ್ಲೇ ಆಯ್ತಾ ಮೇಡಂ?"

"ಇಲ್ಲಮ್ಮ. ಮಿಷನ್ ನೋಡಿಕೊಳ್ಳೋದು ಗಂಟಲನ್ನ, ಅದೂ ನಿದ್ದೆ ಮಾಡುವಾಗ. ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ, ನಿಲ್ಲಿಸಬೇಡಿ. ಇದು ಎರಡನೇ ಕಾಯಿಲೆ. ಮೊದಲನೆಯದು ಇದೆ ಅಂತ ಎಲ್ಲರೂ ಎರಡನೆಯದನ್ನ ಹುಡುಕಲಿಲ್ಲ, ಅಷ್ಟೇ."

"ಗುಣ ಆಯ್ತದಾ?"

ಅವರು ಚಿತ್ರವನ್ನು ಲಕೋಟೆಯೊಳಗೆ ಹಾಕಿದರು. "ನಿಧಾನ ಮಾಡಬಹುದು" ಎಂದರು. ನಾರಾಗಿರುವುದು ಮತ್ತೆ ಮೆತ್ತಗಾಗುವುದಿಲ್ಲ, ಉಳಿದಿರುವುದನ್ನು ಆದಷ್ಟು ದಿನ ಉಳಿಸಿಕೊಳ್ಳಬೇಕು ಎಂದು ಬಿಡಿಸಿ ಹೇಳಿದರು. ನಾನು ಕೇಳಿಸಿಕೊಂಡೆ. ಹೆಂಡತಿ ಕೇಳಿಸಿಕೊಳ್ಳಲಿಲ್ಲ ಅನ್ನಿಸುತ್ತದೆ. ವಾಪಸು ಬರುವಾಗ ರೈಲಿನಲ್ಲಿ ನಂಜನಗೂಡಿನವರೆಗೂ, ಮಿಷನ್ನಿಂದ ಆಗಿದ್ದಿದ್ದರೆ ಬಿಟ್ಟರಾದರೂ ಸರಿಹೋಗುತ್ತಿತ್ತು ಎಂದು ನಾಲ್ಕೈದು ಸಲ ಹೇಳಿದಳು. ಅದು ನಿಜ. ಅವಳ ಅನುಮಾನದಲ್ಲಿ ಒಂದು ದಾರಿಯಿತ್ತು. ಡಾಕ್ಟರು ಹೇಳಿದ್ದರಲ್ಲಿ ಇರಲಿಲ್ಲ.

ಮಾತ್ರೆ ಶುರುವಾಯಿತು. ಮಾತ್ರೆಯಿಂದ ಊಟದ ರುಚಿ ಕೆಟ್ಟಿತು, ಬಿಸಿಲಿಗೆ ಹೋದರೆ ಚರ್ಮ ಉರಿಯತೊಡಗಿತು. ರಜೆ ಹಾಕಿ ಮನೆಯಲ್ಲಿದ್ದೆ.

ಒಂದು ಮಧ್ಯಾಹ್ನ ಆ ಊರಿನ ಗ್ರಾಮ ಸಹಾಯಕನ ಫೋನು ಬಂತು. ಆರೋಗ್ಯ ವಿಚಾರಿಸಿದ. ಆಮೇಲೆ ತಡೆದು ತಡೆದು ಹೇಳಿದ.

"ಸಾ, ಆ ದಿಣ್ಣ ಜಮೀನು ಅಳದಿದ್ರಲ್ಲ, ಅಲ್ಲಿ ಒಂದು ಯಡವಟ್ಟಾಗದ."

"ಏನಾಯ್ತು?"

"ಆ ವ್ಯಾಪಾರಿ ಜೆಸಿಬಿ ತಂದು ಮೇಲ್ಗಡ ಎಲ್ಲ ಸಮ ಮಾಡ್ಬುಟ್ಟ. ಅಲ್ಲಿ ಆ ಯಮ್ಮನ ಗಂಡನ್ನ ಮಣ್ಣು ಮಾಡಿದ್ರಂತ ಸಾ. ನಾನು ಕಂಡಿರ್ನಿಲ್ಲ, ಪೊದ ಬೆಳ್ಕಂಡಿತ್ತು. ಬರೀ ಒಂದು ಕಲ್ಲು ನೆಟ್ಟಿದ್ರು. ಅದನೂ ಎತ್ತಿ ಎಸ್ದವನ. ಸಮಾಧಿ ಅಂತ ನನ್ಗ ಗೊತ್ತಿರ್ನಿಲ್ಲ ಅಂತಾನ."

ಫೋನು ಕಿವಿಯ ಹತ್ತಿರವೇ ಇತ್ತು. ನಮ್ಮವರು ಅಲ್ಲೇ ಇದ್ದಾರೆ ಎಂದು ಅವಳು ಹೇಳಿದ್ದು ಇದನ್ನು. ಅವರನ್ನು ಕೆಳಗೆ ಕರೆದು ಸಹಿ ಹಾಕಿಸು ಎಂದಿದ್ದೆ ನಾನು.

ನಮ್ಮ ಸೀಮೆಯಲ್ಲಿ ಜನ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ವಾಡಿಕೆ. ನನ್ನ ಅಪ್ಪನೂ ಉಮ್ಮತ್ತೂರಿನ ನಮ್ಮ ಹೊಲದಲ್ಲೇ ಇದ್ದಾರೆ. ಅಳತೆಗೆ ಹೋದಲ್ಲೆಲ್ಲ ಹೊಲದ ಅಂಚಿನಲ್ಲಿ ಅಂಥ ಕಲ್ಲು ಕಂಡರೆ ಚಪ್ಪಲಿ ಬಿಟ್ಟು ದಾಟುತ್ತಿದ್ದವನು ನಾನು. ಮೇಲಕ್ಕೆ ಹತ್ತಿ ಪೊದೆಯೊಳಗೆ ನುಗ್ಗಿದ್ದರೆ ಕಾಣದೆ ಇರುತ್ತಿರಲಿಲ್ಲ.

ಮರುದಿನ ಒಂದು ಕಾರು ಮಾಡಿಕೊಂಡು ಹೊರಟೆ. ಹೆಂಡತಿ ಬೇಡವೆಂದು ಅತ್ತಳು, ಕೊನೆಗೆ ತಾನೂ ಬಂದಳು. ರಸ್ತೆಯ ಪಕ್ಕ ಕಾರು ನಿಲ್ಲಿಸಿ, ಬಾಗಿಲು ತೆಗೆದು ಸೀಟಿನಲ್ಲೇ ಕುಳಿತೆ. ದಿಣ್ಣೆಯ ಮೇಲ್ಭಾಗ ಬೋಳಾಗಿ ಕೆಂಪಗೆ ಕಾಣುತ್ತಿತ್ತು. ಮೇಲೆ ಹೋಗುವ ಶಕ್ತಿ ಅವತ್ತಿಗಿಂತಲೂ ಕಡಿಮೆಯಾಗಿತ್ತು. ಸುದ್ದಿ ಹೋಗಿ ಆಕೆಯೇ ಇಳಿದು ಬಂದಳು. ನನ್ನನ್ನು ಕಂಡು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನನ್ನಿಂದ ತಪ್ಪಾಯ್ತಮ್ಮ. ಆವತ್ತು ನಾನು ಮೇಲೆ ಬರಲಿಲ್ಲ. ಉಸಿರು ಕಟ್ತಿತ್ತು" ಎಂದೆ.

"ನಾ ಕಂಡಿದ್ದಿ ಸಾಮೀ. ತುಟಿ ನೀಲಿ ಆಗೋಗಿತ್ತು."

"ಆದರೂ ಕಲ್ಲು ಸರಿಯಾಗಿದೆ ಅಂತ ಬರೆದುಬಿಟ್ಟೆ. ಸರಿಯಿಲ್ಲ ಅಂತ ನನಗೆ ಗೊತ್ತಿತ್ತು."

ಅವಳು ತಿರುಗಿ ಬೋಳಾದ ದಿಣ್ಣೆಯ ಕಡೆ ನೋಡಿದಳು. ನನ್ನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು.

"ಸೋಮಾರ ಸೋಮಾರ ಹೂ ಇಟ್ಬುಟ್ಟು ಕೆಲ್ಸಕ್ಕ ಓಯ್ತಿದ್ದಿ" ಎಂದಳು. "ಈಗ ಮಣ್ಣೆಲ್ಲ ಒಂದೇ ಆಗೋಗದ. ಎಲ್ಲಿ ಅಂತ ಇಡ್ಲಿ ಸಾಮೀ? ಇಲ್ಲಿರ್ಬೈದು ಅಂತೀನಿ, ಆಮೇಲ ಇಲ್ಲ, ಅಲ್ಲಿರ್ಬೈದು ಅನ್ಸ್ತದ."

ನಲವತ್ತು ಹಳ್ಳಿಗಳಲ್ಲಿ ಯಾವ ಜಮೀನು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳಿದವನು ನಾನು. ಆ ಒಂದು ಜಾಗವನ್ನು ಅವಳಿಗೆ ತೋರಿಸಿಕೊಡಲು ನನ್ನಿಂದಾಗಲಿಲ್ಲ. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಅವಳೇ ಹೊಲದ ಗುಡಿಸಿಲಿನಿಂದ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಕುಡಿದೆ. "ಓಗಿ ಸಾಮೀ, ಬಿಸ್ಲಾಯ್ತದ" ಎಂದಳು.

ವಾಪಸು ಬಂದವನೇ ನನ್ನ ಅಳತೆ ತಪ್ಪು, ನಾಲ್ಕನೆಯ ಕಲ್ಲನ್ನು ನಾನು ನೋಡಿಲ್ಲ, ದಾಖಲೆಗೆ ಹೊಂದುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ ಎಂದು ಮೇಲಧಿಕಾರಿಗೆ ಬರೆದುಕೊಟ್ಟೆ. ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ಓದಿ, ಬಾಗಿಲು ಮುಚ್ಚಿಸಿದರು.

"ಸಾರ್, ಇದನ್ನ ತಗೊಂಡ್ರೆ ನಾನು ವಿಚಾರಣೆ ಹಾಕಲೇಬೇಕು. ನಿಮಗೆ ಇರೋದು ಎರಡು ವರ್ಷ. ಆರೋಗ್ಯ ನೋಡಿದ್ರೆ ಹೀಗಿದೆ. ಆಕೆ ಮೇಲ್ಮನವಿ ಹಾಕ್ಕೊಳ್ಳಲಿ, ಹೊಸಬರು ಅಳೀತಾರೆ, ತಾನಾಗೇ ಸರಿಹೋಗುತ್ತೆ. ಇದನ್ನ ವಾಪಸ್ ತಗೊಂಡುಬಿಡಿ."

"ನೀವೇ ತಗೊಳ್ಳಿ ಸಾರ್" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಇನ್ನೊಂದು ವಾಕ್ಯ ಆಡುವಷ್ಟು ಉಸಿರಿರಲಿಲ್ಲ.

ವಿಚಾರಣೆ ನಡೆಯಿತು. ಕಾಯಿಲೆಯ ಕಾಗದ ನೋಡಿ ಸಣ್ಣ ಶಿಕ್ಷೆಯಲ್ಲಿ ಮುಗಿಸಿದರು. ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡೆ. ಮುಂದಿನ ಮಳೆಗಾಲ ಕಳೆದ ಮೇಲೆ ಹೊಸ ಸರ್ವೆಯರು ಹೋಗಿ, ಮಣ್ಣಿನಡಿ ಉಳಿದಿದ್ದ ಲಂಟಾನದ ಬೇರುಗಳ ನಡುವೆ ಹಳೆಯ ಕಲ್ಲನ್ನು ಹುಡುಕಿ ತೆಗೆದರಂತೆ. ಅವಳು ತೋರಿಸಿದ್ದ ಜಾಗದಲ್ಲೇ ಇತ್ತು. ಹನ್ನೆರಡು ಮೀಟರಿನ ಪಟ್ಟಿ ಅವಳಿಗೆ ವಾಪಸಾಯಿತು. ವ್ಯಾಪಾರಿ ತಕರಾರು ಮಾಡಲಿಲ್ಲ. ಗ್ರಾಮ ಸಹಾಯಕ ಇದನ್ನೆಲ್ಲ ಖುಷಿಯಿಂದ ಫೋನಿನಲ್ಲಿ ಹೇಳಿದ. ನಾನು ಅವಳೇನು ಮಾಡಿದಳು ಎಂದು ಕೇಳಿದೆ.

"ಪೂರ್ತಿ ಹುರುಳಿ ಚೆಲ್ಬುಟ್ಟವಳ ಸಾ. ಒಂದು ಮೊಳನೂ ಬುಟ್ಟಿಲ್ಲ. ಯಾಕಮ್ಮ, ಒಂದು ಕಲ್ಲಾದ್ರೂ ನೆಡ್ಬಾರ್ದಾ ಅಂತ ನಾ ಅಂದಿ. ಇಲ್ದಿರ ಕಡ ನೆಟ್ರ ಅವ್ರು ಬಂದರಾ ಅಂದ್ಳು."

ಈಗ ಮನೆಯಲ್ಲಿ ಎರಡು ಮಿಷನ್. ಮಲಗಿದಾಗ ಹಳೆಯದು. ಎದ್ದ ಮೇಲೆ ಆಕ್ಸಿಜನ್ ಕೊಡುವುದು, ಪಡಸಾಲೆಯ ಮೂಲೆಯಲ್ಲಿ ಇಡೀ ದಿನ ಗುರುಗುಟ್ಟುತ್ತಿರುತ್ತದೆ. ಅದರ ಕೊಳವೆ ಬಚ್ಚಲುಮನೆಯವರೆಗೆ ಎಟುಕುತ್ತದೆ, ಜಗಲಿಯವರೆಗೆ ಎಟುಕುವುದಿಲ್ಲ. ಕರೆಂಟು ಹೋದರೆ ಹೆಂಡತಿ ಮಾಡುತ್ತಿರುವ ಕೆಲಸ ಬಿಟ್ಟು ಸಿಲಿಂಡರಿನ ಹತ್ತಿರ ಓಡುತ್ತಾಳೆ. ಇಬ್ಬರೂ ಮಾತು ಕಡಿಮೆ ಮಾಡಿದ್ದೇವೆ. ನನಗೆ ಆಗುವುದಿಲ್ಲ; ಕೇಳಿದರೆ ನಾನು ಉತ್ತರ ಹೇಳಬೇಕಾಗುತ್ತದೆ ಎಂದು ಅವಳೂ ಏನೂ ಕೇಳುವುದಿಲ್ಲ. ಬಂದವರು ಮಿಷನ್ ಇದೆಯಲ್ಲ ಸಾರ್, ಇನ್ನೇನು ಯೋಚನೆ ಎನ್ನುತ್ತಾರೆ. ತಲೆಯಾಡಿಸುತ್ತೇನೆ.

ಈ ಬರಹವನ್ನು ದಿನಕ್ಕೆ ನಾಲ್ಕೈದು ಸಾಲಿನಂತೆ ಬರೆದೆ. ಬರೆಯುವುದಕ್ಕೂ ಇಷ್ಟು ಉಸಿರು ಬೇಕೆಂದು ನನಗೆ ಗೊತ್ತಿರಲಿಲ್ಲ. ಹೋದ ವಾರ ಮೈಸೂರಿಗೆ ಹೋಗಿದ್ದಾಗ ಡಾಕ್ಟರು ಕಾರಿಡಾರಿನಲ್ಲಿ ನಡೆಸಲಿಲ್ಲ. ಚೀಟಿಯಲ್ಲಿ ಆಕ್ಸಿಜನ್ನಿನ ಅಳತೆಯನ್ನು ಎರಡು ಲೀಟರಿನಿಂದ ಮೂರಕ್ಕೆ ತಿದ್ದಿದರು. ಇನ್ನು ಮೇಲೆ ಇಲ್ಲಿಯವರೆಗೆ ಬರುವ ತ್ರಾಸ ಬೇಡ, ಫೋನಿನಲ್ಲೇ ಮಾತಾಡೋಣ ಎಂದರು.